ದಿನಕ್ಕೆರಡು ಉಂಡಿ

ಬೆಳಗಾವಿ
14 ಸೆಪ್ಟೆಂಬರ್ 1981

ಅಕ್ಕಾ,

ಇನ್‌ಲ್ಯಾಂಡ್ ಕಾಗದ ಸಿಗಲಿಲ್ಲ. ಕಾರ್ಡಿನಲ್ಲೇ ಇರುವೆ ಸಾಲಿನಂತೆ ಬರೆದಿದ್ದೇನೆ, ಕಣ್ಣು ಕಿರಿದು ಮಾಡಿಕೊಂಡು ಓದು. ನಾನು ಆರಾಮ ಎಂದು ಬರೆಯುವುದು ರೂಢಿ, ಆದರೆ ನಿನ್ನ ಮುಂದೆ ನನ್ನ ಸುಳ್ಳು ಎಂದೂ ನಡೆದಿಲ್ಲ. ಮೊನ್ನೆ ಎಂಟುನೂರು ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಮೈದಾನದಲ್ಲೇ ಕುಸಿದೆ. ನನ್ನ ಜೊತೆ ಓಡುವ ಅನಗೋಳದ ಅಲಕಾ ನೀರು ಚಿಮುಕಿಸಿ ಎಬ್ಬಿಸಿದಳು.

ನಮ್ಮ ಆಟದ ಮಾಸ್ತರರು ಮಾರ್ತಾಂಡ ಸರ್ ಗೊತ್ತಲ್ಲ, ಮರಾಠಿಯವರು, ಸಿಟ್ಟು ಬಂದರೆ ಎರಡೂ ಭಾಷೆಯಲ್ಲಿ ಬೈಯುತ್ತಾರೆ. "ಏನ್ ತಿಂದೀ?" ಎಂದು ಕೇಳಿದರು. ಹಾಸ್ಟೆಲ್ಲಿನ ಕಾಗದದಂಥ ರೊಟ್ಟಿ, ನೀರಿನಂಥ ಬೇಳೆ, ಬೆಳಗ್ಗೆ ಬರೀ ಚಹಾ ಎಂದೆ. "ಹೊಟ್ಟಿ ಖಾಲಿ ಇಟಕೊಂಡು ಓಡೂದಂದ್ರ ಎಣ್ಣಿ ಹಾಕದ ಕಂದೀಲ ಹಚ್ಚಿಧಂಗ" ಎಂದು ಬೈದು, ಏನೇನು ತಿನ್ನಬೇಕೆಂದು ಹೇಳಿದರು. ಬೆಳಗ್ಗೆ ಮೊಳಕೆ ಬಂದ ಮಡಿಕೆ ಕಾಳು, ಓಡಿದ ಮೇಲೆ ಒಂದು ಹಿಡಿ ಶೇಂಗಾ ಮತ್ತು ಬೆಲ್ಲ, ಒಂದು ಬಾಳೆಹಣ್ಣು, ಮಧ್ಯಾಹ್ನ ಮಜ್ಜಿಗೆ. ಇವನ್ನೆಲ್ಲ ಹೇಗೋ ಹೊಂದಿಸಿಕೊಳ್ಳುತ್ತೇನೆ. ಕೊನೆಯದಕ್ಕೆ ಮಾತ್ರ ನಿನ್ನ ಒಪ್ಪಿಗೆ ಬೇಕು. ಅವರ ಮಾತಿನಲ್ಲೇ ಬರೆಯುತ್ತೇನೆ: "ದಿನಾ ಎರಡ ಅಂಡಿ ತಿನ್ನಬೇಕ ಪೋರಿ, ಅಂದ್ರ ಮೈಯಾಗ ತಾಕತ್ತ ಬರತೈತಿ. ಇನ್ನೊಮ್ಮಿ ಬಿದ್ದರ ನಿನ್ನ ಹೆಸರ ಹೊಡದ ಹಾಕತೇನಿ."

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಅದರಲ್ಲಿ ಹೆಸರು ಬರದಿದ್ದರೆ ಓಟ ಸಾಕು, ಊರಿಗೆ ಪಾರಿಶ್ವಾಡಕ್ಕೆ ಬಾ ಎಂದು ಅಪ್ಪ ಹೇಳಿದ್ದು ನಿನ್ನೆದುರಿಗೇ. ಕಾರ್ಡಿನಲ್ಲಿ ಇದಕ್ಕಿಂತ ಬಿಡಿಸಿ ಬರೆಯಲಾರೆ. ಅವ್ವ ಹೋದ ಮೇಲೆ ನನಗೆ ಕೇಳಬೇಕಾದವಳು ನೀನೊಬ್ಬಳೇ. ಬೇಡ ಎಂದರೆ ಮುಟ್ಟುವುದಿಲ್ಲ.

ನಿನ್ನ ಗಂಗಾ

ಖಾನಾಪುರ
19 ಸೆಪ್ಟೆಂಬರ್ 1981

ಗಂಗಾ,

ಬಿದ್ದೆ ಎಂದು ಓದಿ ಎದೆ ಧಸಕ್ಕೆಂದಿತು. ಆಮೇಲೆ ಮುಂದಿನದನ್ನು ಓದಿ ನಗು ಬಂತು. ಅಕ್ಕನ ಮನೆಯಿಂದ ಒಂದು ತಿನ್ನುವ ಪದಾರ್ಥ ಕೇಳಲು ಇಷ್ಟೊಂದು ನಾಚಿಕೆಯೇ? ಒಪ್ಪಿಗೆಯಂತೆ, ಮುಟ್ಟುವುದಿಲ್ಲವಂತೆ! ಎರಡೇಕೆ, ನಾಲ್ಕು ತಿನ್ನು. ನಮ್ಮ ಅತ್ತೆಗೂ ಹೇಳಿದೆ. "ಖರೇ ಹೇಳ್ಯಾನ ಆ ಮಾಸ್ತರ. ಓಡೂ ಹುಡಿಗಿ ತಿನ್ನದ ಇದ್ದರ ಹೆಂಗ? ನಾನ ಕಳಸತೇನಿ ತಗೋ" ಎಂದರು. ಅತ್ತೆ ಬಾಳವ್ವನವರ ಕೈ ದೊಡ್ಡದು ಎಂದು ನಿನಗೆ ಯಾವಾಗಲೂ ಹೇಳುತ್ತಿದ್ದೆನಲ್ಲ.

ಹಾಸ್ಟೆಲ್ಲಿನಲ್ಲಿ ಅನ್ನ ಹೆಚ್ಚು, ರೊಟ್ಟಿ ಕಡಿಮೆ ಮಾಡುತ್ತೀ ಎಂದು ನನಗೆ ಗುಮಾನಿ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ. ನೆನಪಿಟ್ಟುಕೋ.

ನನಗೆ ಈಗ ಆರು ತುಂಬಿತು. ಒಳಗಿರುವುದು ನಿನ್ನ ಹಾಗೇ ಓಡುವ ಜಾತಿ, ಹಗಲು ರಾತ್ರಿ ಒದೆಯುತ್ತದೆ. ಡಿಸೆಂಬರ್ ಕೊನೆಗೆ ಎನ್ನುತ್ತಾರೆ. ನಿನ್ನ ಓಟವೂ ಅಷ್ಟರಲ್ಲಿ ಮುಗಿದಿರುತ್ತದೆ. ಬಾಣಂತನಕ್ಕೆ ತವರೆಂದು ನನಗೆ ನೀನೇ ಬರಬೇಕು. ಅತ್ತೆ ಎಷ್ಟೇ ಒಳ್ಳೆಯವರಾದರೂ ನನ್ನ ಕಡೆಯವರೊಬ್ಬರು ಮನೆಯಲ್ಲಿರಲಿ ಎಂದು ಆಸೆ.

ನಿನ್ನ ಮಾಮಾ ನಮ್ಮ ಅಂಗಡಿಯಿಂದ ಇಂದು ಒಳ್ಳೆಯ ಬೆಲ್ಲ ತಂದಿಟ್ಟಿದ್ದಾರೆ. ಉಳಿದದ್ದು ನನ್ನ ಮೇಲೆ ಬಿಡು.

ಬಸವಣ್ಣೆವ್ವ

ಬೆಳಗಾವಿ
23 ಸೆಪ್ಟೆಂಬರ್ 1981

ಅಕ್ಕಾ,

ನಿನ್ನ ಕಾಗದ ಓದಿ ಹಾಸ್ಟೆಲ್ಲಿನ ಪಾವಟಿಗೆಯ ಮೇಲೆ ಕುಳಿತು ಅತ್ತುಬಿಟ್ಟೆ. ಬೈಯುತ್ತೀ ಎಂದುಕೊಂಡಿದ್ದೆ. ನೀನು ಒಪ್ಪಿದ್ದೇ ದೊಡ್ಡದು, ಅತ್ತೆಯವರೂ ಒಪ್ಪಿದರು ಎಂಬುದನ್ನು ಎಷ್ಟು ಸಲ ಓದಿದರೂ ನಂಬಲಾಗುತ್ತಿಲ್ಲ. ಮುಂಜಾನೆ ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯರು ಅವರು! ಅಷ್ಟು ದೊಡ್ಡ ಮನಸ್ಸು ನಮ್ಮ ಕಾಲೇಜಿನ ಪ್ರೊಫೆಸರರಿಗೂ ಇಲ್ಲ.

ಆದರೆ ನೀವು ಕಳಿಸುವುದು ಮಾತ್ರ ಬೇಡ. ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲೇ ಒಡೆದು ಹೋಗುತ್ತವೆ. ಅಲಕಾಳ ಅವ್ವ ದಿನಾ ಎರಡು ಕುದಿಸಿ ಡಬ್ಬಿಯಲ್ಲಿ ಕೊಟ್ಟು ಕಳಿಸುತ್ತಾರೆ. ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ನೀನು ತಿನ್ನು ಎಂದದ್ದನ್ನು ನೆನೆದು ಕಣ್ಣು ಮುಚ್ಚಿ ನುಂಗಿದೆ.

ಓಡುವ ಜಾತಿಯವರಿಗೆ ಚಿಕ್ಕಮ್ಮನ ಮುದ್ದು. ಒದ್ದರೆ ಒದೆಯಲಿ, ನೀನು ಅದರ ಪಾಲಿನದೂ ಸೇರಿಸಿ ಉಣ್ಣು.

ಗಂಗಾ

ಖಾನಾಪುರ
1 ಅಕ್ಟೋಬರ್ 1981

ಗಂಗಾ,

ನನಗೆ ಸಿಟ್ಟು ಬಂದಿದೆ. ನಾನು ಕಟ್ಟಿದ ಉಂಡಿ ಬಸ್ಸಿನಲ್ಲಿ ಒಡೆಯುತ್ತದೆಯೇ? ಪಾಕ ಹಿಡಿಯುವುದನ್ನು ನನಗೆ ಅವ್ವ ಕಲಿಸಿದ್ದು. ಗೋಡೆಗೆ ಹೊಡೆದರೆ ಗೋಡೆ ಒಡೆದೀತು, ನನ್ನ ಉಂಡಿ ಒಡೆಯುವುದಿಲ್ಲ. ಇನ್ನು ಉಂಡಿಯನ್ನು ಕುದಿಸುವುದೆಂದರೇನು? ಅತ್ತೆಯನ್ನು ಕೇಳಿದೆ. "ಮರಾಠ್ಯಾರು ಮೋದಕ ಉಗಿಯಾಗ ಬೇಯಸ್ತಾರಲ್ಲ, ಅದ ಇರಬೇಕು. ಪಾಪ, ಗಂಟಲದಾಗ ಇಳದಿಲ್ಲ ನೋಡ ಕೂಸಿಗೆ" ಎಂದರು. ಕೇಳಿ ಸಮಾಧಾನವಾಯಿತು. ಅಲಕಾಳ ಅವ್ವನಿಗೆ ನನ್ನ ನಮಸ್ಕಾರ ಹೇಳು. ಆದರೆ ಒಬ್ಬರ ಮನೆಯ ಮೋದಕ ಎಷ್ಟು ದಿನ ತಿನ್ನುತ್ತೀ?

ಬೆಳಗಾವಿ ಬಸ್ಸಿನ ಕಂಡಕ್ಟರ್ ತಮ್ಮಣ್ಣನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದ್ದೇನೆ. ಮೇಲೆ ಅಗಸೆ ಚಟ್ನಿಪುಡಿ ಇದೆ, ಹಾಸ್ಟೆಲ್ ರೊಟ್ಟಿಗೆ ಹಚ್ಚಿಕೋ. ಒಡೆದ ಒಂದೇ ಒಂದು ಉಂಡಿ ಸಿಕ್ಕರೆ ನನ್ನ ಹೆಸರು ಬದಲಿಸು.

ಬಸವಣ್ಣೆವ್ವ

ಬೆಳಗಾವಿ
9 ಅಕ್ಟೋಬರ್ 1981

ಅಕ್ಕಾ,

ಡಬ್ಬಿ ಮುಟ್ಟಿತು. ತೆರೆದು ನೋಡಿ, ನಿನ್ನ ಎರಡೂ ಕಾಗದ ತೆಗೆದು ಮತ್ತೊಮ್ಮೆ ಓದಿದೆ. ಅಲಕಾ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಯಾಕೆಂದು ನಿನಗೆ ಎಂದಾದರೂ ಹೇಳುತ್ತೇನೆ.

ಒಂದೂ ಒಡೆದಿಲ್ಲ, ನಿನ್ನ ಹೆಸರು ಉಳಿಯಿತು. ಸರ್ ಹೇಳಿದಂತೆ ದಿನಕ್ಕೆರಡು ತಿನ್ನುತ್ತೇನೆ. ಅಲಕಾಳ ಅವ್ವನ "ಮೋದಕ"ವನ್ನೂ ಬಿಟ್ಟಿಲ್ಲ, ಅವರು ಬೇಸರ ಮಾಡಿಕೊಳ್ಳುತ್ತಾರೆ. ಈಗ ಕೊನೆಯ ಸುತ್ತಿನಲ್ಲಿ ಕತ್ತಲೆ ಬರುವುದಿಲ್ಲ.

ದೀಪಾವಳಿಯಿಂದ ಆಯ್ಕೆಯ ದಿನದವರೆಗೆ ಶಿಬಿರ. ರಜೆ ಕೇಳಿದವರನ್ನು ಮನೆಗೇ ಕಳಿಸುತ್ತಾರಂತೆ. ಹಬ್ಬಕ್ಕೆ ಬರಲಾರೆ, ಬೈಯಬೇಡ. ಓದುವ ಜಾತಿಯೋ ಓಡುವ ಜಾತಿಯೋ, ನನ್ನ ಕೂಸು ಹೇಗಿದೆ?

ಗಂಗಾ

ಬೆಳಗಾವಿ
24 ಅಕ್ಟೋಬರ್ 1981

ಅಕ್ಕಾ,

ಎರಡು ವಾರ ನಿನ್ನಿಂದ ಸುದ್ದಿಯಿಲ್ಲ. ಹಬ್ಬಕ್ಕೆ ಬರುವುದಿಲ್ಲವೆಂದು ಮುನಿಸೇ? ತಮ್ಮಣ್ಣನನ್ನು ಬಸ್‌ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. "ಎಲ್ಲಾ ಅದಾರವ್ವ" ಎಂದು ಹೇಳಿ ಬಸ್ಸಿನ ಹಿಂದೆ ಹೋಗಿ ನಿಂತ. ಆ ಮನುಷ್ಯ ಎಂದೂ ಅಷ್ಟು ಕಡಿಮೆ ಮಾತನಾಡಿದ್ದನ್ನು ನಾನು ಕಂಡಿಲ್ಲ. ಒಂದು ಸಾಲು ಬರೆ.

ಗಂಗಾ

ಖಾನಾಪುರ
2 ನವೆಂಬರ್ 1981

ಗಂಗಾ,

ಮುನಿಸಿಲ್ಲ. ಮನೆಯಲ್ಲಿ ಕೆಲಸ ಇತ್ತು. ತಮ್ಮಣ್ಣನ ಕೈಯಲ್ಲಿ ಡಬ್ಬಿ ಕಳಿಸಿದ್ದೇನೆ. ಈ ಸಲ ಅಂಟಿನ ಉಂಡಿ. ಅಂಟು, ಕೊಬ್ಬರಿ, ಉತ್ತತ್ತಿ, ತುಪ್ಪ, ಎಲ್ಲ ಚೆನ್ನಾಗಿ ಬಿದ್ದಿದೆ. ಸೊಂಟಕ್ಕೂ ಕಾಲಿಗೂ ಒಳ್ಳೆಯದು. ಎಲ್ಲವನ್ನೂ ನೀನೇ ತಿನ್ನು, ಹಂಚಬೇಡ.

ಬೇರೆ ಯೋಚನೆ ಇಟ್ಟುಕೊಳ್ಳದೆ ಓಡು.

ಅಕ್ಕ

ಬೆಳಗಾವಿ
10 ನವೆಂಬರ್ 1981

ಅಕ್ಕಾ,

ಅಂಟಿನ ಉಂಡಿ ನೋಡಿ ಇಡೀ ಹಾಸ್ಟೆಲ್ ನಕ್ಕಿತು. "ಗಂಗಾ, ನೀ ಯಾವಾಗ ಹಡದಿ?" ಎಂದು ಹುಡುಗಿಯರು ನನ್ನ ತಲೆಗೆ ಬಟ್ಟೆ ಕಟ್ಟಿ, ಮುಂದೆ ಅಗ್ಗಿಷ್ಟಿಕೆ ಎಂದು ಬಕೆಟ್ ಇಟ್ಟು ಕೂರಿಸಿದರು. ನಾನೇನು ಬಾಣಂತಿಯೇ ಅಕ್ಕಾ? ಅತ್ತೆಯವರು ನಿನಗೆಂದು ಈಗಲೇ ಕಟ್ಟಿಡಲು ಶುರುಮಾಡಿದ್ದಾರೆ, ನೀನು ಅದರಲ್ಲಿ ಕದ್ದು ನನಗೆ ಕಳಿಸಿದ್ದೀ, ಹೌದೋ ಅಲ್ಲವೋ? ನಿನ್ನದನ್ನೆಲ್ಲ ನಾನೇ ತಿಂದು ಮುಗಿಸಿದರೆ ಕೂಸಿಗೆ ಹಾಲು ಎಲ್ಲಿಂದ ಬರಬೇಕು?

ಆದರೆ ಏನು ರುಚಿ! ಸರ್ ಕೂಡ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು. ಕೂಸಿನ ಬಗ್ಗೆ ಹೋದ ಕಾಗದದಲ್ಲಿ ಒಂದಕ್ಷರವೂ ಇಲ್ಲ. ಈ ಸಲ ಬರೆ. ಒದೆತ ಜೋರಾಗಿದೆಯೇ?

ಗಂಗಾ

ಖಾನಾಪುರ
19 ನವೆಂಬರ್ 1981

ಗಂಗಾ,

ಇನ್ನೊಂದು ಡಬ್ಬಿ ಬರುತ್ತಿದೆ. ಇಲ್ಲಿ ಬೇಕಾದಷ್ಟಿವೆ, ನನ್ನ ಚಿಂತೆ ಬಿಡು. ನಾನು ಹೊಟ್ಟೆ ತುಂಬ ಉಣ್ಣುತ್ತೇನೆ.

ಎಲ್ಲ ಸರಿಯಾಗಿದೆ. ಪದೇ ಪದೇ ಕೇಳಬೇಡ.

ಅಕ್ಕ

ಬೆಳಗಾವಿ
14 ಡಿಸೆಂಬರ್ 1981

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನೆ ಓಡಿದೆ. ಮೊದಲ ಸುತ್ತಿನಲ್ಲಿ ಧಾರವಾಡದ ಹುಡುಗಿ ಮುಂದಿದ್ದಳು. ಎರಡನೆಯ ಸುತ್ತಿನ ತಿರುವಿನಲ್ಲಿ, ನಾನು ಸೆಪ್ಟೆಂಬರಿನಲ್ಲಿ ಬಿದ್ದ ಜಾಗ ಬಂತು ನೋಡು, ಅಲ್ಲಿ ಕಾಲಲ್ಲಿ ಇನ್ನೂ ಶಕ್ತಿ ಉಳಿದಿದೆ ಎಂದು ಒಮ್ಮೆಲೇ ಗೊತ್ತಾಯಿತು. ಹಾಗೆ ಉಳಿದಿರುತ್ತದೆ ಎಂದು ನನಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಅವಳನ್ನು ದಾಟಿದೆ. ಮೊದಲು ಬಂದೆ! ಜನವರಿ ಕೊನೆಗೆ ಮೈಸೂರಿನಲ್ಲಿ ದೊಡ್ಡ ಪಂದ್ಯ, ತಂಡದಲ್ಲಿ ನನ್ನ ಹೆಸರಿದೆ. ಅಪ್ಪನಿಗೂ ಬರೆದಿದ್ದೇನೆ.

ಇದನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕು: ಅತ್ತೀ, ನೀವು ಕಟ್ಟಿದ ಅಂಟಿನ ಉಂಡಿ ಡಬ್ಬಿಗಟ್ಟಲೆ ತಿಂದು ನಾನು ಗೆದ್ದೆ. ನಿಮ್ಮ ಕೈಗೆ ಶರಣು.

ಶಿಬಿರ ಮುಗಿಯಿತು. ಇನ್ನು ಬಾಣಂತನಕ್ಕೆ ಬರುತ್ತೇನೆ. ದಿನ ಹತ್ತಿರ ಬಂತಲ್ಲ?

ಗಂಗಾ

ಖಾನಾಪುರ
18 ಡಿಸೆಂಬರ್ 1981

ಗಂಗಾ,

ನಾ ಬಾಳವ್ವ ಹೇಳಾಕತ್ತೇನಿ, ನನ್ನ ಮಗ, ನಿಮ್ಮ ಮಾಮಾ ಗುರುಪುತ್ರಪ್ಪ ಬರಿಯಾಕತ್ತಾನ. ನಿಮ್ಮಕ್ಕ ಒಳಗ ಮಲಗ್ಯಾಳ, ಅಕಿಗಿ ಗೊತ್ತಿಲ್ಲ.

ನಿನ್ನ ಕಾರ್ಡ ಬಂತು. ಅಂಗಳದಾಗ ಓದಿ ಹೇಳಿದ. ಗೆದ್ದಿ ಅಂತ ಕೇಳಿ ಹಾಲ ಕುಡಿಧಂಗ ಆತು. ಮುಂದ ಉಂಡಿ ಸುದ್ದಿ ಬಂತು ನೋಡು, ನಾ ಅಲ್ಲೇ ಕುಂತೆ.

ಗಂಗಾ, ಕೂಸ ಇಲ್ಲವಾ. ದೀಪಾವಳಿ ಮುಂಚೇನ ಹೋತು. ಏಳರಾಗ ಹುಟ್ಟಿತ್ತು, ಹೆಣ್ಣ ಕೂಸು, ಒಂದ ಹಗಲ ಇತ್ತು. ಗಂಗಾಗ ಯಾರೂ ಹೇಳಬ್ಯಾಡ್ರಿ, ಓಡೂದ ಬಿಟ್ಟ ಬರತಾಳ ಅಂತ ನಿಮ್ಮಕ್ಕ ಎಲ್ಲಾರ ಕಡಿಂದ ಆಣಿ ಹಾಕಿಸಿಕೊಂಡ್ಲು. ನಿಮ್ಮ ಅಪ್ಪನ ಕಡಿಂದೂ. ಆ ಕಂಡಕ್ಟರನ ಕಡಿಂದೂ.

ಕೂಸ ಹೋದರೂ ಬಾಣಂತಿ ಬಾಣಂತೀನ. ಮೈ ಹಸೀ ಇರತೈತಿ. ಅದಕ್ಕ ನಾ ಅಂಟಿನ ಉಂಡಿ ಕಟ್ಟಿದೆ. ಮೂರ ಸರತಿ ಕಟ್ಟಿದೆ. ಡಬ್ಬಿ ಬರಿದಾಗೂದು, ನಾ ಹಿಗ್ಗೂದು, ಮತ್ತ ಕಟ್ಟೂದು. ಉಂಡೀನೂ ಇಷ್ಟ ತಿಂತಾಳ, ಮತ್ಯಾಕ ಇಳದ ಹೊಂಟಾಳ ಅಂತ ತಿಳೀಲಿಲ್ಲ. ಎಲ್ಲಾ ನಿನಗ ಬಂದಾವು. ಡಾಕ್ಟರು ರಕ್ತ ಇಲ್ಲ, ಹಿಂಗ ಆದರ ಉಳಿಯಂಗಿಲ್ಲ ಅಂತಾರ. ಎದ್ದ ನಿಂತರ ಗ್ವಾಡಿ ಹಿಡೀತಾಳ.

ನಿನ್ನ ಬೈಯಾಕ ಬರಸಾಕತ್ತಿಲ್ಲ. ನೀ ತಿಂದದ್ದಕ್ಕ ನನಗ ಸಂತೋಷನ ಆಗೇತಿ. ಆದರ ನನ್ನ ಮಾತಿಗಿ ಅಕಿ ಬಾಯಿ ತಗಿಯಂಗಿಲ್ಲ. ನೀ ಬಾ. ನಿನ್ನ ಮುಂದ ಉಂಡಾಳು.

ಬಾಳವ್ವ

ತಾ.ಕ. ಇದು ಅವ್ವ ಹೇಳಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ನಿನ್ನ ಹಳೆಯ ಕಾರ್ಡುಗಳನ್ನು ತೆಗೆದು ಓದಿದೆ. ಸೆಪ್ಟೆಂಬರಿನದರಲ್ಲಿ ಮಾಸ್ತರರು ತಿನ್ನು ಎಂದದ್ದರ ಮೊದಲ ಅಕ್ಷರ ಉ ಅಲ್ಲ, ಅ. ಅಂಗಡಿಗೆ ಬರುವ ಮರಾಠಿ ಗಿರಾಕಿಗಳು "ಅಂಡಿ ಆಹೇತ ಕಾ?" ಎಂದು ಕೇಳುವುದು, ನಾನು ನಮ್ಮಲ್ಲಿ ಕೋಳಿ ತತ್ತಿ ಮಾರುವುದಿಲ್ಲ ಎನ್ನುವುದು ದಿನದ ಕೆಲಸ. ಅವ್ವನಿಗೂ ನಿನ್ನ ಅಕ್ಕನಿಗೂ ಹೇಳಿಲ್ಲ. ಆ ಭಾರ ನಿನ್ನದು. ಬೇಗ ಬಾ ಗಂಗಾ, ನನಗೆ ಹೆದರಿಕೆಯಾಗುತ್ತಿದೆ.

ಖಾನಾಪುರ
28 ಡಿಸೆಂಬರ್ 1981

ಗಂಗಾ,

ನೀನು ಹೋದ ಮೇಲೆ ಮನೆ ಬಣಗುಡುತ್ತಿದೆ. ಇದ್ದಷ್ಟು ದಿನ ನೀನು ಅಳುವುದನ್ನೂ ಮಾಡಿದೆ, ಜಗಳವನ್ನೂ ಮಾಡಿದೆ. "ನಿನ್ನ ಪಾಲು ತಿಂದು ನಾ ಗೆದ್ದೆ, ನನಗ ಅದು ಬ್ಯಾಡ" ಎಂದು ಕೂಗಿದ್ದು ಬಾಜು ಮನೆಗೂ ಕೇಳಿಸಿತು. ಹುಚ್ಚಿ. ನಾನು ಕೊಟ್ಟದ್ದನ್ನು ಬೇಡ ಎನ್ನಲು ನೀನು ಯಾರು?

ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಅಂಟಿನ ಉಂಡಿ ತಿನ್ನಿಸುವುದು ಮೈ ಗಟ್ಟಿಯಾಗಲಿ, ಹಾಲು ಬರಲಿ ಎಂದು. ಹಾಲು ಬಂದಿತ್ತು ಗಂಗಾ. ಕುಡಿಯುವವಳು ಇರಲಿಲ್ಲ. ಸೀರೆ ತೊಯ್ಯುತ್ತಿತ್ತು, ಅತ್ತೆ ನೋಡಬಾರದೆಂದು ಗೋಡೆ ಕಡೆ ಹೊರಳುತ್ತಿದ್ದೆ. ಆಮೇಲೆ ತಿನ್ನುವುದೆಂದರೆ ನನಗೆ ನಾಚಿಕೆ ಎನಿಸತೊಡಗಿತು. ಯಾರಿಗೆಂದು ತಿನ್ನಲಿ? ನಿನಗೆ ಕಳಿಸಿದರೆ ಒಂದು ಹೊಟ್ಟೆಗಾದರೂ ಹೋಗುತ್ತದಲ್ಲ ಎಂದು ಕಳಿಸಿದೆ. ನೀನು ಓಡುತ್ತಿದ್ದೀ ಎಂದು ನೆನೆದರೆ ಸ್ವಲ್ಪ ಉಸಿರಾಡುವಂತಾಗುತ್ತಿತ್ತು.

ಇನ್ನು ನಿನ್ನ ಮಾಮಾನ ಕೈ ಹಿಡಿದು ಸ್ಟ್ಯಾಂಡಿನವರೆಗೆ ಬಂದ ನನಗೆ, ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ ನೀನು ಕೂಗಿ ಹೇಳಿದ ಮಾತು. ಅದು ಯಾವ ಊರಿನ ಧೈರ್ಯ? ಸಿಟ್ಟು ಬಂತು, ಹೇಸಿಗೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಆ ಹಳೆಯ ಕಾರ್ಡು ಹುಡುಕಿ ಬೆಳಕಿಗೆ ಹಿಡಿದೆ. ಖರೇನೇ, ಅ ಎಂದೇ ಇದೆ. ನಾಲ್ಕು ತಿನ್ನು ಎಂದು ಬರೆದುಕೊಟ್ಟವಳು ನಾನೇ, ಈಗ ಯಾರನ್ನು ಬೈಯಲಿ? ನನ್ನ ಮನೆಯಲ್ಲಿ ಅದರ ಹೆಸರು ತೆಗೆಯಬೇಡ. ಮೈದಾನದಲ್ಲಿ ಬೀಳಬೇಡ. ಅತ್ತೆ ಮೋದಕವೆಂದೇ ನಂಬಿರಲಿ.

ನಮ್ಮ ಕರಾರು ನೆನಪಿದೆ. ದಿನಾ ಏನು ಉಂಡೆ ಎಂದು ಕಾರ್ಡು ಹಾಕುತ್ತೇನೆ. ನಾನು ಉಣ್ಣದ ದಿನ ನೀನೂ ಉಣ್ಣುವುದಿಲ್ಲ ಎಂಬ ನಿನ್ನ ಹಟ ಮಾತ್ರ ನನಗೆ ಸೇರುವುದಿಲ್ಲ. ಮೈಸೂರಿನ ಪಂದ್ಯ ಇಟ್ಟುಕೊಂಡು ಇಂಥ ಆಟ ಆಡಬಾರದು. ಇವತ್ತು ಅರ್ಧ ರೊಟ್ಟಿ, ಮೆಂತ್ಯೆ ಪಲ್ಯ.

ಅಕ್ಕ

ಖಾನಾಪುರ
4 ಜನವರಿ 1982

ಗಂಗಾ,

ಮುಂಜಾನೆ ಹಾಲು, ಮಧ್ಯಾಹ್ನ ಒಂದು ರೊಟ್ಟಿ, ಹೆಸರುಕಾಳು. ಔಷಧ ಕುಡಿದಂತೆ ಉಂಡೆ, ಆದರೆ ಉಂಡೆ.

ಅಕ್ಕ

ಬೆಳಗಾವಿ
9 ಜನವರಿ 1982

ಅಕ್ಕಾ,

ಎರಡು ದಿನ ನಿನ್ನ ಕಾರ್ಡು ಇಲ್ಲ. ಎರಡು ದಿನ ನನ್ನ ತಾಟು ಹಾಗೇ ಮುಚ್ಚಿಟ್ಟಿದೆ. ಇಂದು ಎರಡನೆಯ ಸುತ್ತಿಗೆ ಕಾಲು ನಡುಗಿತು. ಮಾರ್ತಾಂಡ ಸರ್ ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, "ನಿಮ್ಮ ಅಕ್ಕಾಗ ಬರಿ. ಆಕಿ ಉಂಡ್ರ ನಾನ ಖಾನಾಪುರಕ್ಕ ಬಂದ ಕಾಲ ಬೀಳತೇನಿ ಅಂತ ಬರಿ" ಎಂದರು.

ನಿನ್ನನ್ನು ಹೆದರಿಸುತ್ತಿಲ್ಲ. ನನಗೆ ನಿಜವಾಗಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಅವ್ವನನ್ನು ಕಳೆದುಕೊಂಡಾಗ ನನಗೆ ತಿಳಿವಳಿಕೆ ಇರಲಿಲ್ಲ, ನೀನು ಉಣ್ಣಿಸಿದ್ದರಿಂದ ಬದುಕಿದೆ. ಈಗ ತಿಳಿವಳಿಕೆ ಇದೆ. ನಿನ್ನನ್ನು ಕಳೆದುಕೊಳ್ಳಲಾರೆ ಅಕ್ಕಾ.

ಗಂಗಾ

ಖಾನಾಪುರ
11 ಜನವರಿ 1982

ಗಂಗಾ,

ಕಾರ್ಡು ಹಾಕಿದ್ದೆ, ಟಪಾಲಿನಲ್ಲಿ ಎಲ್ಲಿ ಸಿಕ್ಕಿಕೊಂಡಿತೋ ಗೊತ್ತಿಲ್ಲ. ಆಣೆಗೂ ಉಂಡಿದ್ದೇನೆ, ಅತ್ತೆಯೂ ನಿನ್ನ ಮಾಮಾನೂ ಸಾಕ್ಷಿ. ಈ ಕಾಗದ ಮುಟ್ಟಿದ ಕೂಡಲೇ ತಾಟು ಹಾಕಿಕೊಂಡು ಕೂರು. ನಿನಗೆ ಕೈ ಮುಗಿಯುತ್ತೇನೆ. ನಾನು ನಿನಗಾಗಿಯೇ ಒಂದೊಂದು ತುತ್ತು ಇಳಿಸುತ್ತಿದ್ದೇನೆ, ನೀನು ಉಪವಾಸ ಕುಳಿತರೆ ನಾನು ಯಾರಿಗಾಗಿ ಇಳಿಸಲಿ? ಇವತ್ತು ಒಂದೂವರೆ ರೊಟ್ಟಿ, ರಾಜಗಿರಿ ಪಲ್ಯ, ಮೊಸರು. ಅತ್ತೆಯ ಒತ್ತಾಯಕ್ಕೆ ಒಂದು ಬಾಳೆಹಣ್ಣು.

ಅಕ್ಕ

ಖಾನಾಪುರ
20 ಜನವರಿ 1982

ಗಂಗಾ,

ನಾಳೆ ನೀನು ಮೈಸೂರಿಗೆ ಹೊರಡುತ್ತೀ. ಅದಕ್ಕೆ ಮೊದಲು ಮುಟ್ಟಲಿ ಎಂದು ಇದನ್ನು ತಮ್ಮಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಇವತ್ತು ಏನು ಉಂಡೆ ಎಂದು ಬರೆಯಲಾರೆ, ಇನ್ನೂ ಉಂಡಿಲ್ಲ. ಹೆದರಬೇಡ, ಮುಂದೆ ಓದು.

ಮುಂಜಾನೆ ಬಹಳ ದಿನಗಳ ಮೇಲೆ ಮಲಪ್ರಭೆಯ ಕಡೆ ನಡೆದು ಹೋಗಿದ್ದೆ. ತಿರುಗಿ ಬರುವಾಗ ಓಣಿಯ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲೆ ಜೋಳ ಸುಡುವ ವಾಸನೆ ಬಂತು, ಅಲ್ಲೇ ನಿಂತುಬಿಟ್ಟೆ. ಬಾಯಲ್ಲಿ ನೀರು ಬಂದಿತ್ತು. ಇದೇನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಿನಗಾಗಿ ಅಲ್ಲ, ಅತ್ತೆಗಾಗಿ ಅಲ್ಲ, ಡಾಕ್ಟರರ ಮಾತಿಗೂ ಅಲ್ಲ. ಕೂಸನ್ನು ನೆನೆದೆ, ಆದರೂ ಆ ನೀರು ಆರಲಿಲ್ಲ.

ಮನೆಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿ, ನನಗ ಹಸಿವಿ ಆಗೇತ್ರಿ" ಎಂದೆ.

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನ್ನ ಮುಖ ಹಿಡಿದರು. "ಏನಂದಿ? ಇನ್ನೊಮ್ಮಿ ಅನ್ನು" ಎಂದರು.

ಇನ್ನೊಮ್ಮೆ ಅಂದೆ.

ಈಗ ಒಳಗೆ ಬಡಿಯುವ ಸಪ್ಪಳ ಕೇಳುತ್ತಿದೆ. ನನ್ನ ಕೆನ್ನೆಗೆ ಹಿಟ್ಟು ಹತ್ತಿದೆ, ಇನ್ನೂ ಒರೆಸಿಕೊಂಡಿಲ್ಲ. ಅತ್ತೆ ತಾಟು ತಂದಿಟ್ಟರು. ಇಷ್ಟಕ್ಕೇ ಮುಗಿಸುತ್ತೇನೆ ಗಂಗಾ, ರೊಟ್ಟಿ ಆರುತ್ತದೆ.

ಬಸವಣ್ಣೆವ್ವ